ಕೊಟ್ಟ ಮೇಲೆ ಕೇಳುವುದೇನನ್ನು? ಏಕಪಕ್ಷೀಯ ಸುಂಕ ಕಡಿತವೂ ವ್ಯಾಪಾರ ಮಾತುಕತೆಯ ಲೆಕ್ಕವೂ

2024ರ ಜನವರಿ 1ರಿಂದ ಸ್ವಿಟ್ಜರ್ಲೆಂಡ್ ಕೈಗಾರಿಕಾ ಸರಕುಗಳ ಮೇಲಿನ ಆಮದು ಸುಂಕವನ್ನು ಪೂರ್ತಿಯಾಗಿ ಕೈಬಿಟ್ಟಿತು. ಯಂತ್ರವಿರಲಿ, ಬಟ್ಟೆಯಿರಲಿ, ಕಾರಿರಲಿ, ಯಾವ ದೇಶದಿಂದ ಬಂದರೂ ಸುಂಕ ಸೊನ್ನೆ. ಇದಕ್ಕಾಗಿ ಅದು ಯಾರೊಂದಿಗೂ ಒಪ್ಪಂದ ಮಾಡಿಕೊಂಡಿರಲಿಲ್ಲ, ಪ್ರತಿಯಾಗಿ ಯಾರಿಂದಲೂ ಏನನ್ನೂ ಕೇಳಿರಲಿಲ್ಲ. ತನ್ನ ಕಾರ್ಖಾನೆಗಳಿಗೆ ಬಿಡಿಭಾಗಗಳು ಅಗ್ಗವಾಗಿ ಸಿಗಲಿ, ಗ್ರಾಹಕರಿಗೆ ಬೆಲೆ ಇಳಿಯಲಿ, ಕಸ್ಟಮ್ಸ್ ಕಾಗದಪತ್ರಗಳ ಖರ್ಚು ತಗ್ಗಲಿ ಎಂಬ ಉದ್ದೇಶ ಅದಕ್ಕೆ ಸಾಕಾಗಿತ್ತು. ಎರಡು ವರ್ಷ ತುಂಬುವ ಮೊದಲೇ, 2025ರ ಆಗಸ್ಟ್ 7ರಂದು, ಅಮೆರಿಕವು ಅದೇ ಸ್ವಿಟ್ಜರ್ಲೆಂಡಿನ ಸರಕುಗಳ ಮೇಲೆ ಶೇ 39ರಷ್ಟು ಸುಂಕ ಹೇರಿತು. ಶ್ರೀಮಂತ ದೇಶಗಳ ಪೈಕಿ ಅಷ್ಟು ದೊಡ್ಡ ದರ ಬೇರೆ ಯಾರಿಗೂ ಬಿದ್ದಿರಲಿಲ್ಲ. ಅಮೆರಿಕದಿಂದ ಬರುವ ಶೇ 99ಕ್ಕಿಂತ ಹೆಚ್ಚು ಸರಕುಗಳಿಗೆ ನಮ್ಮಲ್ಲಿ ಸುಂಕವೇ ಇಲ್ಲ ಎಂದು ಸ್ವಿಸ್ ಸರ್ಕಾರ ಎಷ್ಟು ಹೇಳಿದರೂ ಆ ವಾದಕ್ಕೆ ಬೆಲೆ ಸಿಗಲಿಲ್ಲ. ವಾಷಿಂಗ್ಟನ್ ನೋಡಿದ್ದು ಸರಕು ವ್ಯಾಪಾರದಲ್ಲಿ ತನಗಾಗುತ್ತಿದ್ದ ಕೊರತೆಯನ್ನೇ ಹೊರತು ಸ್ವಿಸ್ ಸುಂಕದ ಪಟ್ಟಿಯನ್ನಲ್ಲ.

ನವೆಂಬರ್ ಮಧ್ಯಭಾಗದಲ್ಲಿ ಎರಡೂ ದೇಶಗಳು ರಾಜಿಗೆ ಬಂದು ದರ ಶೇ 15ಕ್ಕೆ ಇಳಿಯಿತು. ಆ ರಾಜಿಯಲ್ಲಿ ಸ್ವಿಟ್ಜರ್ಲೆಂಡ್ ತೆತ್ತದ್ದೇನು ಎಂಬುದನ್ನು ಗಮನಿಸಬೇಕು. ಕೈಗಾರಿಕಾ ಸುಂಕವೆಂಬ ಕೊಡುಗೆ ಅದಾಗಲೇ ಕೈಬಿಟ್ಟು ಹೋಗಿದ್ದರಿಂದ, ಸ್ವಿಸ್ ಕಂಪನಿಗಳು ಅಮೆರಿಕದಲ್ಲಿ 200 ಶತಕೋಟಿ ಡಾಲರ್ ಹೂಡುತ್ತವೆ ಎಂಬ ಮಾತನ್ನೂ, ಅಮೆರಿಕದ ದನದ ಮಾಂಸ, ಕಾಡೆಮ್ಮೆ ಮಾಂಸ ಮತ್ತು ಕೋಳಿ ಮಾಂಸಕ್ಕೆ ಸುಂಕರಹಿತ ಕೋಟಾವನ್ನೂ ಕೊಡಬೇಕಾಯಿತು. ಸ್ವಿಸ್ ರೈತರನ್ನು ಕಾಪಾಡುತ್ತಿದ್ದ ಕೃಷಿ ಸುಂಕವೊಂದೇ ಮೇಜಿನ ಮೇಲಿಡಲು ಉಳಿದಿತ್ತು. ತನ್ನ ಒಳಿತಿಗಾಗಿ ತಾನೇ ಬಾಗಿಲು ತೆರೆದ ದೇಶಕ್ಕೆ ಮಾತುಕತೆಯಲ್ಲಿ ಅದರ ಫಲ ಸಿಗುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಇಷ್ಟು ಖಡಕ್ಕಾದ ಉತ್ತರ ಇತ್ತೀಚಿನ ವರ್ಷಗಳಲ್ಲಿ ಸಿಕ್ಕಿರಲಿಲ್ಲ. ಭಾರತವೂ ಅದೇ ವರ್ಷ ಅದೇ ಪ್ರಶ್ನೆಯನ್ನು ಬೇರೆ ಬೇರೆ ಸರಕುಗಳಲ್ಲಿ ಎದುರಿಸಿತು. ಆದ್ದರಿಂದ ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವ ಅಗತ್ಯವಿದೆ.

ಅರ್ಥಶಾಸ್ತ್ರದ ಪಾಠ ಒಂದು ಹೇಳಿದರೆ ವ್ಯಾಪಾರ ಮಾತುಕತೆಯ ರೂಢಿ ಇನ್ನೊಂದು ಹೇಳುತ್ತದೆ. ಆಮದು ಸುಂಕವನ್ನು ಇಳಿಸಿದರೆ ಅದರ ಹೆಚ್ಚಿನ ಲಾಭ ಇಳಿಸಿದ ದೇಶಕ್ಕೇ ಆಗುತ್ತದೆ, ಏಕೆಂದರೆ ಸುಂಕವನ್ನು ಕೊನೆಗೆ ತೆರುವವರು ಅಲ್ಲಿನ ಗ್ರಾಹಕರು ಮತ್ತು ಕಾರ್ಖಾನೆಗಳು ಎಂಬುದು ಮೊದಲನೆಯದರ ವಾದ. ಜಗದೀಶ್ ಭಗವತಿಯವರಂಥ ಅರ್ಥಶಾಸ್ತ್ರಜ್ಞರು ಇದನ್ನು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಒಂದು ದೇಶ ತಾನಾಗಿ ತೆರೆದುಕೊಂಡು ಗೆದ್ದರೆ ಅದನ್ನು ನೋಡಿ ಉಳಿದವರೂ ತೆರೆದುಕೊಳ್ಳುತ್ತಾರೆ ಎಂಬುದೂ ಅವರ ವಾದದ ಒಂದು ಭಾಗ. ಆದರೆ 1947ರಲ್ಲಿ ಜಿನೀವಾದಲ್ಲಿ ಭಾರತವೂ ಸೇರಿದಂತೆ 23 ದೇಶಗಳು ಕೂಡಿ ರೂಪಿಸಿದ ಗ್ಯಾಟ್ ಎಂಬ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದದ ಭಾಷೆಯಲ್ಲಿ ಸುಂಕ ಇಳಿಸುವುದಕ್ಕೆ ‘ರಿಯಾಯಿತಿ’ ಎಂದು ಹೆಸರು. ನಾನು ಸುಂಕ ಇಳಿಸಿದರೆ ನನಗೆ ಖರ್ಚು, ನೀನು ಇಳಿಸಿದರೆ ನನಗೆ ಆದಾಯ. ಈ ಜಮಾ ಖರ್ಚಿನ ಪುಸ್ತಕ ಅರ್ಥಶಾಸ್ತ್ರದ ದೃಷ್ಟಿಯಿಂದ ತಲೆಕೆಳಗಾದದ್ದೇ ಇರಬಹುದು, ಆದರೆ ಎಂಟು ದಶಕಗಳ ಮಾತುಕತೆ ನಡೆದಿರುವುದು ಆ ಪುಸ್ತಕದಲ್ಲಿಯೇ. ಸುಂಕ ಇಳಿದರೆ ನಷ್ಟ ಅನುಭವಿಸುವ ಉದ್ಯಮಗಳು ಸಂಘಟಿತವಾಗಿ ಕೂಗೆಬ್ಬಿಸುತ್ತವೆ, ಲಾಭ ಪಡೆಯುವ ಗ್ರಾಹಕರು ಚದುರಿಹೋಗಿರುತ್ತಾರೆ. ಹೀಗಾಗಿ ಹೊರದೇಶದ ಮಾರುಕಟ್ಟೆ ಸಿಗಲಿದೆ ಎಂಬ ಆಸೆಯಿಂದ ರಫ್ತುದಾರರನ್ನು ಸುಂಕ ಕಡಿತದ ಪರ ನಿಲ್ಲಿಸಿಕೊಳ್ಳುವುದು ಸರ್ಕಾರಗಳಿಗೆ ರಾಜಕೀಯವಾಗಿ ಅನುಕೂಲ.

ಹಾಗಿದ್ದರೂ ನಡೆದಿರುವುದನ್ನು ನೋಡಿದರೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳು ಸುಂಕ ಇಳಿಸಿದ್ದು ಹೆಚ್ಚಾಗಿ ಮಾತುಕತೆಯಿಂದಲ್ಲ. 1983ರಿಂದ 2003ರವರೆಗೆ ಅಭಿವೃದ್ಧಿಶೀಲ ದೇಶಗಳಲ್ಲಾದ ಸುಂಕ ಇಳಿಕೆಯಲ್ಲಿ ಸುಮಾರು ಮೂರನೇ ಎರಡರಷ್ಟು ಏಕಪಕ್ಷೀಯ ನಿರ್ಧಾರಗಳಿಂದ ಬಂದದ್ದು, ಕಾಲುಭಾಗ ಬಹುಪಕ್ಷೀಯ ಮಾತುಕತೆಯಿಂದ, ಹತ್ತರಲ್ಲೊಂದರಷ್ಟು ಮಾತ್ರ ಪ್ರಾದೇಶಿಕ ಒಪ್ಪಂದಗಳಿಂದ ಎಂದು ವಿಶ್ವಬ್ಯಾಂಕ್ 2005ರ ತನ್ನ ವರದಿಯೊಂದರಲ್ಲಿ ಲೆಕ್ಕ ಹಾಕಿತ್ತು. ಭಾರತದ ಕಥೆಯೂ ಇದಕ್ಕೆ ಹೊರತಲ್ಲ. ಮನಮೋಹನ್ ಸಿಂಗ್ ಅವರು 1991ರ ಜುಲೈ 24ರಂದು ಮಂಡಿಸಿದ ಬಜೆಟ್ಟು ಶೇ 300ನ್ನೂ ಮೀರಿದ್ದ ಗರಿಷ್ಠ ಆಮದು ಸುಂಕವನ್ನು ಶೇ 150ಕ್ಕೆ ತಂದಿತು. 1995ರ ಹೊತ್ತಿಗೆ ಅದು ಶೇ 50ಕ್ಕೆ ಇಳಿಯಿತು. 2007ರ ಹೊತ್ತಿಗೆ ಕೃಷಿಯೇತರ ಸರಕುಗಳ ಗರಿಷ್ಠ ದರ, ಕೆಲವು ಅಪವಾದಗಳನ್ನು ಬಿಟ್ಟರೆ, ಶೇ 10ಕ್ಕೆ ಬಂದು ನಿಂತಿತ್ತು. ಹಲವು ಪಕ್ಷಗಳ ಸರ್ಕಾರಗಳು ಬಂದು ಹೋದ ಈ ಅವಧಿಯಲ್ಲಿ ನಡೆದ ಕಡಿತಗಳಲ್ಲಿ ಬಹುಪಾಲು ಬಜೆಟ್ ಭಾಷಣದಲ್ಲಿ ಘೋಷಣೆಯಾದವು. ಆರಂಭದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಮತ್ತು ಸಾಲ ಕೊಟ್ಟ ಐಎಂಎಫ್‌ನ ಒತ್ತಡ ಇತ್ತೆಂಬುದು ನಿಜ, ಆದರೆ ಮುಂದಿನ ಹದಿನೈದು ವರ್ಷಗಳ ಇಳಿಕೆಯನ್ನು ಅದೊಂದರಿಂದಲೇ ವಿವರಿಸಲಾಗದು.

ಹಾಗಾದರೆ 1991ರಲ್ಲೇ ಭಾರತ ತನ್ನ ಚೌಕಾಸಿಯ ಶಕ್ತಿಯನ್ನೆಲ್ಲ ಬಿಟ್ಟುಕೊಟ್ಟಿತೇ? ಇಲ್ಲ. ಇಲ್ಲಿಯೇ ಈ ವಿಷಯದ ಮುಖ್ಯ ಗಂಟು ಇರುವುದು. ವಿಶ್ವ ವ್ಯಾಪಾರ ಸಂಸ್ಥೆಯ ಲೆಕ್ಕದಲ್ಲಿ ಒಂದು ಸರಕಿಗೆ ಎರಡು ಸುಂಕಗಳಿರುತ್ತವೆ. ಬಂದರಿನಲ್ಲಿ ಈ ದಿನ ವಸೂಲಾಗುವುದು ಚಾಲ್ತಿ ಸುಂಕ. ಇದಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ದೇಶವು ಬರೆದುಕೊಟ್ಟ ಮಿತಿ ಬದ್ಧ ಸುಂಕ. ಚಾಲ್ತಿ ಸುಂಕವನ್ನು ದೆಹಲಿಯ ಒಂದು ಅಧಿಸೂಚನೆ ರಾತ್ರೋರಾತ್ರಿ ಇಳಿಸಬಹುದು, ಹಾಗೆಯೇ ಏರಿಸಲೂಬಹುದು. ಬದ್ಧ ಸುಂಕವನ್ನು ಏರಿಸಬೇಕಾದರೆ ಮಾತ್ರ ಅದರಿಂದ ತೊಂದರೆಗೊಳಗಾಗುವ ದೇಶಗಳೊಂದಿಗೆ ಮತ್ತೆ ಕುಳಿತು ಪರಿಹಾರ ಕೊಡಬೇಕು. ಭಾರತದ ಚಾಲ್ತಿ ಸುಂಕದ ಸರಳ ಸರಾಸರಿ 2023ರಲ್ಲಿ ಶೇ 17 ಇತ್ತು. ಬದ್ಧ ಸುಂಕದ ಸರಾಸರಿ ಸುಮಾರು ಶೇ 50. ಕೃಷಿ ಸರಕುಗಳಲ್ಲಿ ಚಾಲ್ತಿ ಸರಾಸರಿ ಶೇ 39 ಆದರೆ ಬದ್ಧ ಸರಾಸರಿ ಸುಮಾರು ಶೇ 113. ಈ ಎರಡರ ನಡುವಿನ ಅಂತರವೇ ಭಾರತದ ಕೈಯಲ್ಲಿ ಉಳಿದಿರುವ ಮೂಲಧನ. ಮಾತುಕತೆಯಲ್ಲಿ ಎದುರಿನವರು ಬೆಲೆ ಕಟ್ಟುವುದು ನಾವು ಎಷ್ಟು ಇಳಿಸಿದ್ದೇವೆ ಎಂಬುದಕ್ಕಲ್ಲ, ಇಳಿಸಿದ್ದನ್ನು ಮತ್ತೆ ಏರಿಸುವ ಹಕ್ಕನ್ನು ಎಷ್ಟು ಬಿಟ್ಟುಕೊಡುತ್ತೇವೆ ಎಂಬುದಕ್ಕೆ.

ವಿಶ್ವ ವ್ಯಾಪಾರ ಸಂಸ್ಥೆಯ ಹುಟ್ಟಿಗೆ ಕಾರಣವಾದ, ಗ್ಯಾಟ್ ದೇಶಗಳ ಉರುಗ್ವೆ ಸುತ್ತಿನ ಮಾತುಕತೆ 1993ರ ಕೊನೆಗೆ ಮುಗಿದಾಗ ಭಾರತ ಬಹುತೇಕ ಕೈಗಾರಿಕಾ ಸರಕುಗಳಿಗೆ, ಸಿದ್ಧ ವಸ್ತುಗಳಿಗೆ ಶೇ 40, ಕಚ್ಚಾವಸ್ತು ಮತ್ತು ಮಧ್ಯಂತರ ವಸ್ತುಗಳಿಗೆ ಶೇ 25 ಎಂಬ ಬದ್ಧ ಮಿತಿ ಒಪ್ಪಿಕೊಂಡಿತು. ಆಗ ಬಂದರಿನ ದರಗಳು ಅದಕ್ಕಿಂತ ಮೇಲಿದ್ದವು, ಆದರೆ ಇಳಿಯುವ ಹಾದಿಯಲ್ಲಿದ್ದವು. ದೇಶದೊಳಗೆ ಹೇಗೂ ಮಾಡಲಿದ್ದ ಕೆಲಸವನ್ನು ಜಿನೀವಾದಲ್ಲಿ ಕೊಡುಗೆಯೆಂದು ಬರೆಸಿ, ಮುಂದೆ ಬಜೆಟ್ಟುಗಳಲ್ಲಿ ಆ ಮಿತಿಗಿಂತಲೂ ಕೆಳಗಿಳಿದದ್ದು ನನ್ನ ದೃಷ್ಟಿಯಲ್ಲಿ ಜಾಣತನದ ಕ್ರಮವೇ. ಚಿಲಿ ಇದನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿತು. ಎಲ್ಲ ಸರಕಿಗೂ ಒಂದೇ ದರವೆಂಬ ನಿಯಮದಡಿ ಹಂತಹಂತವಾಗಿ ಶೇ 6ಕ್ಕೆ ಇಳಿದ ಆ ದೇಶ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಶೇ 25ರ ಬದ್ಧ ಮಿತಿಯನ್ನು ಉಳಿಸಿಕೊಂಡಿತು. ಆ ಉಳಿದ ಶೇ 6ನ್ನು ಒಂದೊಂದು ದೇಶಕ್ಕೆ ಒಂದೊಂದು ಒಪ್ಪಂದದಲ್ಲಿ ಮಾರುತ್ತ ಹೋಯಿತು. ತಾನಾಗಿ ಇಳಿಸಿದ್ದಕ್ಕೆ ಮನ್ನಣೆ ಬೇಕೆಂದು ಅಭಿವೃದ್ಧಿಶೀಲ ದೇಶಗಳು ಕೇಳುತ್ತಲೇ ಬಂದಿವೆ. ಸೇವಾ ವ್ಯಾಪಾರದ ಒಪ್ಪಂದದಲ್ಲಿ ಅದಕ್ಕೊಂದು ಕಲಮು ಇದೆ, 2003ರ ಮಾರ್ಚ್‌ನಲ್ಲಿ ಅದನ್ನು ಜಾರಿಗೊಳಿಸುವ ವಿಧಾನವೂ ಅಂಗೀಕಾರವಾಯಿತು. ವಿಶ್ವ ವ್ಯಾಪಾರ ಸಂಸ್ಥೆಯ ದೋಹಾ ಸುತ್ತಿನ ಮಾತುಕತೆಯೇ ಕುಸಿದ ಮೇಲೆ ಅದು ಕಡತದಲ್ಲಿ ಉಳಿಯಿತು.

ಬದ್ಧ ಮಿತಿಯ ವಿಚಾರದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ, ಅದೂ ಮೆಕ್ಕೆಜೋಳ ಮತ್ತು ಹಾಲಿನ ಪುಡಿಯಂಥ ಸರಕುಗಳಲ್ಲಿ. ಗ್ಯಾಟ್‌ನ ಹಳೆಯ ಸುತ್ತುಗಳಲ್ಲಿ ಭಾರತ ಅಕ್ಕಿ, ಜೋಳ, ಮೆಕ್ಕೆಜೋಳ, ಕೆನೆರಹಿತ ಹಾಲಿನ ಪುಡಿ ಮೊದಲಾದವುಗಳ ಮೇಲೆ ಸೊನ್ನೆ ಸುಂಕಕ್ಕೆ ಬದ್ಧವಾಗಿತ್ತು. ಆಗ ಅದು ಯಾರನ್ನೂ ಕಾಡಲಿಲ್ಲ, ಏಕೆಂದರೆ ವಿದೇಶಿ ವಿನಿಮಯದ ಕೊರತೆಯ ಕಾರಣ ಕೊಟ್ಟು ಆಮದಿನ ಪ್ರಮಾಣವನ್ನೇ ಪರವಾನಗಿಯಿಂದ ತಡೆಹಿಡಿಯಲಾಗುತ್ತಿತ್ತು. ಗೋಡೆಯಿದ್ದ ಕಡೆ ಬಾಗಿಲಿಗೆ ಅಗುಳಿ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಆ ಪರಿಮಾಣ ನಿರ್ಬಂಧಗಳ ವಿರುದ್ಧ ಅಮೆರಿಕ ದೂರು ಕೊಟ್ಟು 1999ರಲ್ಲಿ ಗೆದ್ದಿತು. ಭಾರತ 2000ದ ಏಪ್ರಿಲ್ 1ರಂದು 714 ಸರಕುಗಳ ಮೇಲಿನ ನಿರ್ಬಂಧವನ್ನೂ, 2001ರ ಏಪ್ರಿಲ್ 1ರಂದು ಉಳಿದ 715 ಸರಕುಗಳ ಮೇಲಿನ ನಿರ್ಬಂಧವನ್ನೂ ತೆಗೆಯಬೇಕಾಯಿತು. ಅಷ್ಟರೊಳಗೆ ಸೊನ್ನೆಯ ಬದ್ಧತೆಯಿಂದ ಬಿಡಿಸಿಕೊಳ್ಳದಿದ್ದರೆ ಹಾಲಿನ ಪುಡಿ ಸುಂಕವಿಲ್ಲದೆ ಒಳಬರುವ ಸ್ಥಿತಿ ಇತ್ತು. ಗ್ಯಾಟ್‌ನ 28ನೇ ವಿಧಿಯಡಿ ಅಮೆರಿಕ ಮೊದಲಾದವರೊಂದಿಗೆ ಮರುಮಾತುಕತೆ ನಡೆಸಿ ಮಿತಿಯನ್ನು ಮೇಲಕ್ಕೆ ತರಲಾಯಿತು, ಹಾಲಿನ ಪುಡಿಗೆ ಅದು ಶೇ 60 ಆಯಿತು. ಆ ಹಕ್ಕಿಗೆ ಪ್ರತಿಯಾಗಿ ತೆತ್ತ ಬೆಲೆ ಸುಂಕ ಕೋಟಾಗಳು: ವರ್ಷಕ್ಕೆ 10,000 ಟನ್ ಹಾಲಿನ ಪುಡಿ ಮತ್ತು ಕ್ರಮೇಣ ಐದು ಲಕ್ಷ ಟನ್‌ವರೆಗೆ ಮೆಕ್ಕೆಜೋಳ, ಶೇ 15ರ ಕಡಿಮೆ ಸುಂಕದಲ್ಲಿ.

ಆ ಕೋಟಾ ಇತಿಹಾಸದ ವಸ್ತುವಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೆಚ್ಚುಕಡಿಮೆ ಐದು ಲಕ್ಷ ಟನ್ ಮೆಕ್ಕೆಜೋಳವನ್ನೂ 10,000 ಟನ್ ಹಾಲಿನ ಪುಡಿಯನ್ನೂ ಅದೇ ಶೇ 15ರ ದರದಲ್ಲಿ ತರಿಸಲು ಅನುಮತಿ ಕೊಟ್ಟಾಗ ಬಳಸಿದ್ದು ಇದನ್ನೇ. 140 ಕೋಟಿ ಜನರಿರುವ ದೇಶ ನಮ್ಮ ಒಂದು ಬುಷೆಲ್ ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವಲ್ಲ ಎಂದು ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಹೋವರ್ಡ್ ಲುಟ್ನಿಕ್ 2025ರ ಸೆಪ್ಟೆಂಬರ್‌ನಲ್ಲಿ ಮೂದಲಿಸಿದರು. ಅಲ್ಲಿ ಬೆಳೆಯುವ ಮೆಕ್ಕೆಜೋಳದ ಬಹುಪಾಲು ಕುಲಾಂತರಿ ತಳಿಯದ್ದಾಗಿದ್ದು ಭಾರತ ಅಂಥದಕ್ಕೆ ಅವಕಾಶ ಕೊಟ್ಟಿಲ್ಲ ಎಂಬುದು ಒಂದು ಅಡ್ಡಿ. ಇನ್ನೊಂದು ಅಡ್ಡಿಯನ್ನು ಅದೇ ವರ್ಷದ ನವೆಂಬರ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ಕಣ್ಣಾರೆ ಕಾಣಬಹುದಿತ್ತು. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಧರಣಿ ಕುಳಿತಿದ್ದರು. ಅಂಥ ಹೊತ್ತಿನಲ್ಲಿ ಮೆಕ್ಕೆಜೋಳದ ಸುಂಕವನ್ನು ತಾನಾಗಿ ಇಳಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಏಕಪಕ್ಷೀಯ ಕಡಿತದ ಇನ್ನೊಂದು ಲಕ್ಷಣವೆಂದರೆ ಅದು ಯಾರಿಗೆ ಸಲ್ಲಬೇಕು ಎಂದು ನಾವು ನಿರ್ಧರಿಸಲಾಗದು. ಪರಮಾಪ್ತ ರಾಷ್ಟ್ರದ ನಿಯಮದ ಪ್ರಕಾರ, ಪ್ರತ್ಯೇಕ ಒಪ್ಪಂದವಿಲ್ಲದೆ ಒಬ್ಬರಿಗೆ ಇಳಿಸಿದ ಸುಂಕ ಸದಸ್ಯ ದೇಶಗಳೆಲ್ಲಕ್ಕೂ ಇಳಿಯುತ್ತದೆ, ಆಗ ಮಾರುಕಟ್ಟೆಯಲ್ಲಿ ಯಾರು ಬಲಶಾಲಿಯೋ ಅವರಿಗೇ ಅದರ ಲಾಭ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಈ ಪಾಠ 2011ರಲ್ಲಿ ಚೆನ್ನಾಗಿಯೇ ಅರ್ಥವಾಯಿತು. ಆ ವರ್ಷದ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಸಿತು. ನೂಲಿನ ಬೆಲೆ ಏರಿ ಕಂಗಾಲಾಗಿದ್ದ ನೇಕಾರರಿಗೆ ಇದು ಬೇಕಾಗಿತ್ತು, ಅವರ ಕಷ್ಟವೂ ಸುಳ್ಳಲ್ಲ. ಆದರೆ ಗೂಡಿನ ದರ ಕುಸಿದು ಹಿಪ್ಪುನೇರಳೆ ಬೆಳೆಗಾರರು ಬೀದಿಗಿಳಿದರು. ಲಾಭ ಹೋದದ್ದು ಮುಖ್ಯವಾಗಿ ಚೀನಾದ ರೇಷ್ಮೆಗೆ. ಚೀನಾ ಇದಕ್ಕೆ ಪ್ರತಿಯಾಗಿ ಭಾರತದ ಯಾವ ಸರಕಿಗೂ ಬಾಗಿಲು ತೆರೆಯಬೇಕಾದ ಪ್ರಸಂಗವೇ ಬರಲಿಲ್ಲ. ಎರಡು ವರ್ಷಗಳ ನಂತರ, 2013ರ ಬಜೆಟ್ಟಿನಲ್ಲಿ, ದರವನ್ನು ಮತ್ತೆ ಶೇ 15ಕ್ಕೆ ಏರಿಸಲಾಯಿತು. ಏರಿಸಲು ಸಾಧ್ಯವಾದದ್ದು ಬದ್ಧ ಮಿತಿ ಎತ್ತರದಲ್ಲಿದ್ದುದರಿಂದ. ಇದೇ ಕಡಿತವನ್ನು ಯಾವುದೋ ಒಪ್ಪಂದದಲ್ಲಿ ಬರೆದುಕೊಟ್ಟಿದ್ದರೆ ರಾಮನಗರ, ಶಿಡ್ಲಘಟ್ಟಗಳ ಕೂಗು ದೆಹಲಿಗೆ ಕೇಳಿಸಿದರೂ ದೆಹಲಿ ಏನೂ ಮಾಡುವಂತಿರಲಿಲ್ಲ. ಏಕಪಕ್ಷೀಯ ತೀರ್ಮಾನದ ಒಳ್ಳೆಯ ಗುಣವೂ ಇದೇ, ಎದುರಿನವರು ಅದಕ್ಕೆ ಬೆಲೆ ಕೊಡದಿರಲು ಕಾರಣವೂ ಇದೇ.

ಬರೆದುಕೊಟ್ಟ ಮಾತಿನ ಬಿಗಿ ಎಂಥದೆಂದು ಮೊಬೈಲ್ ಫೋನಿನ ಪ್ರಕರಣ ತೋರಿಸಿತು. ಮಾಹಿತಿ ತಂತ್ರಜ್ಞಾನ ಸರಕುಗಳಿಗೆ ಸುಂಕ ಹಾಕುವುದಿಲ್ಲವೆಂಬ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತ್ತು; ಮೊಬೈಲ್ ತಯಾರಿಕೆಯನ್ನು ಬೆಳೆಸಲೆಂದು ಅದರ ಸುಂಕವನ್ನು ಶೇ 20ಕ್ಕೆ ಏರಿಸಿದಾಗ ಐರೋಪ್ಯ ಒಕ್ಕೂಟ, ಜಪಾನ್ ಮತ್ತು ತೈವಾನ್ ದೂರು ಕೊಟ್ಟು 2023ರ ಏಪ್ರಿಲ್‌ನಲ್ಲಿ ತಮ್ಮ ಪರ ತೀರ್ಪು ಪಡೆದವು. ಮರುವರ್ಷ ಜುಲೈ ಬಜೆಟ್ಟಿನಲ್ಲಿ ಭಾರತ ಆ ದರವನ್ನು ತಾನಾಗಿಯೇ ಶೇ 15ಕ್ಕೆ ತಂದಿತು.

ಈಗ ಹಾರ್ಲಿ-ಡೇವಿಡ್‌ಸನ್ ಮೋಟರ್‌ಸೈಕಲ್ಲಿನ ಕಥೆಗೆ ಬರೋಣ. ಅಂಥ ಬೈಕು ನಮ್ಮ ರಸ್ತೆಯಲ್ಲಿ ಕಾಣುವುದೇ ಅಪರೂಪ, ವ್ಯಾಪಾರದ ಮೊತ್ತವೂ ಸಣ್ಣದು. ಆದರೆ ಅದೇ ಬೈಕಿನ ವಿಷಯದಲ್ಲಿ ಭಾರತ ಮೂರು ಬಾರಿ ಸಡಿಲಿಸಿದೆ, ಮೂರು ಬಾರಿಯೂ ಫಲ ಬೇರೆ. 2007ರಲ್ಲಿ ದೊಡ್ಡ ಎಂಜಿನ್ನಿನ ಬೈಕುಗಳ ಹೊಗೆ ಪರೀಕ್ಷೆಯ ನಿಯಮವನ್ನು ಸಡಿಲಿಸಿ ಅವುಗಳ ಆಮದಿಗೆ ದಾರಿ ಮಾಡಿಕೊಟ್ಟಾಗ, ಅದೇ ಮಾತುಕತೆಯ ಇನ್ನೊಂದು ಬದಿಯಲ್ಲಿ ಭಾರತದ ಮಾವಿನಹಣ್ಣು ಸುಮಾರು 18 ವರ್ಷಗಳ ನಂತರ ಅಮೆರಿಕದ ಮಾರುಕಟ್ಟೆಗೆ ಹೋಯಿತು. ಅದು ಕೊಟ್ಟು ತೆಗೆದುಕೊಂಡ ವ್ಯವಹಾರ. 2018ರ ಫೆಬ್ರುವರಿಯಲ್ಲಿ ಭಾರತ 800 ಸಿಸಿಗಿಂತ ದೊಡ್ಡ ಬೈಕುಗಳ ಸುಂಕವನ್ನು ಶೇ 75ರಿಂದ ಶೇ 50ಕ್ಕೆ ತಾನಾಗಿ ಇಳಿಸಿತು. ಇದರಿಂದ ನಮಗೇನೂ ಸಿಗಲಿಲ್ಲ ಎಂದು ಡೊನಾಲ್ಡ್ ಟ್ರಂಪ್ ಸಾರ್ವಜನಿಕವಾಗಿಯೇ ಆಡಿಕೊಂಡರು. 2019ರ ಜೂನ್‌ನಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಅಮೆರಿಕ ಕೊಡುತ್ತಿದ್ದ, ಭಾರತದ ರಫ್ತಿಗೂ ಇದ್ದ ಜಿಎಸ್‌ಪಿ ಸುಂಕ ವಿನಾಯಿತಿಯನ್ನು ಹಿಂತೆಗೆದುಕೊಂಡರು. ಮೂರನೆಯದು 2025ರ ಫೆಬ್ರುವರಿ 1ರ ಬಜೆಟ್ಟು. 1600 ಸಿಸಿಗಿಂತ ದೊಡ್ಡ ಬೈಕುಗಳ ಸುಂಕ ಶೇ 30ಕ್ಕೆ ಇಳಿಯಿತು. ಎರಡು ವಾರ ಕಳೆಯುವ ಮೊದಲೇ, ಫೆಬ್ರುವರಿ 13ರಂದು, ಶ್ವೇತಭವನ ತನ್ನ ‘ಪ್ರತಿಸುಂಕ’ ನೀತಿಯ ಬಗ್ಗೆ ಹೊರಡಿಸಿದ ಮಾಹಿತಿ ಪತ್ರದಲ್ಲಿ, ಭಾರತ ಅಮೆರಿಕದ ಮೋಟರ್‌ಸೈಕಲ್ಲಿಗೆ ಶೇ 100ರಷ್ಟು ಸುಂಕ ಹಾಕುತ್ತದೆ, ನಾವು ಹಾಕುವುದು ಶೇ 2.4 ಮಾತ್ರ ಎಂದು ಬರೆದಿತ್ತು. ಎರಡು ಕಡಿತಗಳು ಆ ಕಾಗದದಲ್ಲಿ ಕಾಣಿಸಲೇ ಇಲ್ಲ. ತಾನಾಗಿ ಕೊಟ್ಟದ್ದನ್ನು ದಾಖಲಿಸಿಕೊಳ್ಳುವ ಹೊಣೆ ಪಡೆದವರ ಮೇಲೆ ಇರುವುದಿಲ್ಲವಲ್ಲ.

ಅದೇ ಫೆಬ್ರುವರಿ 13ರಂದು ನರೇಂದ್ರ ಮೋದಿ ಮತ್ತು ಟ್ರಂಪ್ ವಾಷಿಂಗ್ಟನ್ನಿನಲ್ಲಿ ಭೇಟಿಯಾದರು. ಅದಕ್ಕೆ ತಕ್ಕಂತೆ ಅಮೆರಿಕದ ಬರ್ಬನ್ ವಿಸ್ಕಿಯ ಸುಂಕವನ್ನು ಭಾರತ ಶೇ 150ರಿಂದ ಶೇ 100ಕ್ಕೆ ಇಳಿಸಿತು. ಮೇಲ್ನೋಟಕ್ಕೆ ಇದು ಎಲ್ಲ ದೇಶಗಳಿಗೂ ಅನ್ವಯಿಸುವ ಕಡಿತ, ಆದರೆ ಬರ್ಬನ್ ಎಂಬ ಹೆಸರಿನ ವಿಸ್ಕಿ ಅಮೆರಿಕದ್ದೇ ಆಗಿರುವುದರಿಂದ ಪರಮಾಪ್ತ ರಾಷ್ಟ್ರದ ನಿಯಮ ಮುರಿಯದೆ ಒಂದೇ ದೇಶವನ್ನು ಗುರಿಯಾಗಿಟ್ಟುಕೊಂಡದ್ದಾಯಿತು. ಅಧಿಕಾರಿಗಳ ಜಾಣ್ಮೆಯನ್ನು ಮೆಚ್ಚಬೇಕು. ಏಪ್ರಿಲ್ 1ರಿಂದ ವಿದೇಶಿ ಡಿಜಿಟಲ್ ಕಂಪನಿಗಳ ಜಾಹೀರಾತು ಆದಾಯದ ಮೇಲಿನ ಶೇ 6ರ ತೆರಿಗೆಯನ್ನೂ ತೆಗೆದುಹಾಕಲಾಯಿತು. ಮಾರನೆಯ ದಿನವೇ, ಏಪ್ರಿಲ್ 2ರಂದು, ಭಾರತದ ಸರಕುಗಳಿಗೆ ಶೇ 26ರ ಸುಂಕ ಘೋಷಣೆಯಾಯಿತು. ಅದು ಆಗಸ್ಟ್ 7ರಂದು ಶೇ 25 ಆಗಿ ಜಾರಿಗೆ ಬಂದು, ರಷ್ಯಾದ ತೈಲ ಖರೀದಿಯ ಕಾರಣಕ್ಕೆ ಆಗಸ್ಟ್ 27ರಿಂದ ಶೇ 50 ಆಯಿತು.

ಸ್ಕಾಚ್ ವಿಸ್ಕಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಅದೇ ಶೇ 150ರ ಸುಂಕ, ಹೆಚ್ಚುಕಡಿಮೆ ಅದೇ ಬಗೆಯ ಸರಕು. ಆದರೆ ಸ್ಕಾಚ್‌ನ ಸುಂಕವನ್ನು ಭಾರತ ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತು. 2025ರ ಜುಲೈ 24ರಂದು ಬ್ರಿಟನ್ನಿನೊಂದಿಗೆ ಸಹಿಯಾದ ಒಪ್ಪಂದದಲ್ಲಿ ಅದನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಸಲು ಒಪ್ಪಿತು. ಬ್ರಿಟನ್ ತನ್ನ ಸುಂಕದ ಪಟ್ಟಿಯ ಶೇ 99ರಷ್ಟು ಸಾಲುಗಳಲ್ಲಿ ಭಾರತದ ಸರಕಿಗೆ ಸುಂಕ ತೆಗೆಯಲು ಒಪ್ಪಿತು. ಸಿದ್ಧ ಉಡುಪು, ಚರ್ಮ, ಸೀಗಡಿ ಎಲ್ಲವೂ ಅದರೊಳಗಿವೆ. ಸ್ಕಾಚ್ ಒಂದರಿಂದಲೇ ಇದೆಲ್ಲ ಬಂದಿತೆಂದಲ್ಲ, ಕಾರುಗಳ ಕೋಟಾದಂಥ ಬೇರೆ ಕೊಡುಗೆಗಳೂ ಇದ್ದವು. ಆದರೆ ಲಂಡನ್ನಿಗೆ ಬೇಕಾಗಿದ್ದ ಸರಕುಗಳ ಪಟ್ಟಿಯಲ್ಲಿ ಅದು ಮೇಲಿತ್ತು, ಮತ್ತು ಅದನ್ನು ಯಾವುದೋ ಭೇಟಿಯ ಮುನ್ನಾದಿನ ಸೌಜನ್ಯವಾಗಿ ಕೊಟ್ಟುಬಿಟ್ಟಿರಲಿಲ್ಲ.

ಹಾಗೆಂದು ಎಲ್ಲ ಸುಂಕವನ್ನೂ ಮುಂದೊಂದು ದಿನ ಮಾರಲು ಬಂದೀತೆಂದು ಕಾಪಿಟ್ಟುಕೊಳ್ಳುವುದು ಬುದ್ಧಿವಂತಿಕೆಯಲ್ಲ. 2025ರ ಮೇ ಕೊನೆಯಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿದಾಗ ಇಂಡೊನೇಷ್ಯಾದಿಂದಲೋ ಮಲೇಷ್ಯಾದಿಂದಲೋ ಏನು ಪಡೆದಿರಿ ಎಂದು ಯಾರೂ ಕೇಳಲಿಲ್ಲ. ಅಡುಗೆ ಎಣ್ಣೆಯ ಬೆಲೆ ಏರಿದಾಗ ಮಾತುಕತೆ ಮುಗಿಯುವವರೆಗೆ ಕಾಯಲಾಗುವುದಿಲ್ಲ. ತಾಳೆ ಎಣ್ಣೆಗೆ ಬದ್ಧ ಮಿತಿ ಶೇ 300ರಷ್ಟು ಎತ್ತರದಲ್ಲಿರುವುದರಿಂದ ನಾಳೆ ಎಣ್ಣೆಕಾಳು ಬೆಳೆಗಾರರ ಬೆಲೆ ಬಿದ್ದರೆ ಮತ್ತೆ ಏರಿಸಲೂ ಸ್ವಾತಂತ್ರ್ಯವಿದೆ. ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗ, ಕಚ್ಚಾವಸ್ತುಗಳ ವಿಷಯದಲ್ಲಂತೂ ಕಾಯುವುದೇ ದುಬಾರಿ: ಅವುಗಳ ಸುಂಕ ನಮ್ಮ ರಫ್ತಿನ ಮೇಲೆ ನಾವೇ ಹಾಕಿಕೊಂಡ ತೆರಿಗೆ. ಮಾತುಕತೆಯ ಮೇಜಿನಲ್ಲಿ ಕೈ ಬರಿದಾದರೂ ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳಿಗೆ ಸೊನ್ನೆ ಸುಂಕದ ಲಾಭ ಸಿಗುತ್ತಲೇ ಇದೆ ಎಂಬುದನ್ನು ಮರೆಯಬಾರದು.

ಅದೇ ಸ್ವಿಟ್ಜರ್ಲೆಂಡ್ ಭಾರತದ ಎದುರೂ ಕುಳಿತಿತ್ತು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಸೇರಿದ ಎಫ್ಟಾ ಕೂಟದೊಂದಿಗೆ ಭಾರತ 2024ರ ಮಾರ್ಚ್ 10ರಂದು ಸಹಿ ಹಾಕಿದ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಸಹಿಗೆ ಎರಡು ತಿಂಗಳ ಮೊದಲೇ ಸ್ವಿಸ್ ಕೈಗಾರಿಕಾ ಸುಂಕ ಎಲ್ಲರಿಗೂ ಸೊನ್ನೆಯಾಗಿತ್ತು. ಚೀನಾದ ಸರಕಿಗೂ ಸೊನ್ನೆ ಇರುವಾಗ ಭಾರತದ ಸರಕಿಗೆ ಸೊನ್ನೆ ಎಂದರೆ ಅದರಲ್ಲಿ ಹೊಸ ಅನುಕೂಲವೇನು ಎಂಬ ಟೀಕೆ ಇಲ್ಲಿ ಬಂದದ್ದು ಸಹಜ. ಆ ಸೊನ್ನೆಯನ್ನು ಒಪ್ಪಂದದಲ್ಲಿ ಬರೆದುಕೊಟ್ಟರೆಂಬ ಭದ್ರತೆಯೊಂದು ಮಾತ್ರ ಉಳಿಯುತ್ತದೆ. ಸ್ವಿಸ್ ಗಡಿಯಾರ, ಚಾಕೊಲೇಟುಗಳ ಮೇಲಿನ ಸುಂಕ ಇಳಿಸಲು ಭಾರತ ಒಪ್ಪಿದ್ದಕ್ಕೆ ಬೆಲೆಯಾಗಿ ಆ ನಾಲ್ಕು ದೇಶಗಳು ಹದಿನೈದು ವರ್ಷಗಳಲ್ಲಿ 100 ಶತಕೋಟಿ ಡಾಲರ್ ಹೂಡಿಕೆ ಮತ್ತು ಹತ್ತು ಲಕ್ಷ ಉದ್ಯೋಗದ ಗುರಿಯನ್ನು ಒಪ್ಪಿಕೊಂಡವು. ಅದು ಈಡೇರದಿದ್ದರೆ, ನಿಗದಿತ ಸಮಾಲೋಚನೆಗಳ ನಂತರ, ಭಾರತ ತನ್ನ ರಿಯಾಯಿತಿಗಳನ್ನು ಹಿಂತೆಗೆದುಕೊಳ್ಳಬಹುದು. ಸುಂಕದ ನಾಣ್ಯ ಖಾಲಿಯಾದ ದೇಶ ಹೂಡಿಕೆಯ ಮಾತಿನಲ್ಲಿ ತೆರುತ್ತದೆ ಎಂಬುದು ದೆಹಲಿಯಲ್ಲೂ ಕಂಡಿತು, ಮುಂದೆ ವಾಷಿಂಗ್ಟನ್ನಿನಲ್ಲೂ ಕಂಡಿತು. ಚಿನ್ನದ ವಿಷಯದಲ್ಲಿ ಮಾತ್ರ ಒಂದು ತಮಾಷೆ ನಡೆದಿದೆ. ಸ್ವಿಟ್ಜರ್ಲೆಂಡಿನಿಂದ ಭಾರತಕ್ಕೆ ಬರುವುದರಲ್ಲಿ ಬಹುಪಾಲು ಚಿನ್ನವೇ. ಒಪ್ಪಂದದಲ್ಲಿ ಭಾರತ ಕೊಟ್ಟದ್ದು ಬದ್ಧ ಮಿತಿಯನ್ನು ಶೇ 40ರಿಂದ 39ಕ್ಕೆ ಇಳಿಸುವ ಹೆಸರಿಗಷ್ಟೇ ಇರುವ ರಿಯಾಯಿತಿ. ಕೆಲವೇ ತಿಂಗಳಲ್ಲಿ, 2024ರ ಜುಲೈ ಬಜೆಟ್ಟಿನಲ್ಲಿ, ಕಳ್ಳಸಾಗಣೆ ತಡೆಯಲೂ ಆಭರಣ ಉದ್ಯಮಕ್ಕೆ ನೆರವಾಗಲೂ ಭಾರತವೇ ಚಾಲ್ತಿ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿತು. ಅವರು ಚೌಕಾಸಿ ಮಾಡಿ ಪಡೆದದ್ದಕ್ಕಿಂತ ಕೇಳದೆ ಪಡೆದದ್ದೇ ಹೆಚ್ಚು.

ಈ ಎಲ್ಲ ಎಳೆಗಳೂ ಒಟ್ಟಿಗೆ ಸೇರುವುದು ಹತ್ತಿಯಲ್ಲಿ. 2021ರಲ್ಲಿ ಆಮದು ಹತ್ತಿಯ ಮೇಲೆ ಒಟ್ಟು ಶೇ 11ರ ಸುಂಕ ಬಂದಿತು; ಅತಿ ಉದ್ದ ಎಳೆಯ ಹತ್ತಿಗೆ ಮಾತ್ರ 2024ರ ಫೆಬ್ರುವರಿಯಲ್ಲಿ ವಿನಾಯಿತಿ ಸಿಕ್ಕಿತು. ಅಮೆರಿಕದ ಶೇ 50ರ ಹೊಡೆತ ಬೀಳುವುದು ಖಚಿತವಾಗುತ್ತಿದ್ದಂತೆ, 2025ರ ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಆ ಸುಂಕವನ್ನು ಸೆಪ್ಟೆಂಬರ್ 30ರವರೆಗೆ ರದ್ದುಪಡಿಸಿತು, ಆಮೇಲೆ ಅದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಗಿರಣಿಗಳಿಗೆ ಮತ್ತು ಉಡುಪು ರಫ್ತುದಾರರಿಗೆ ಅಗ್ಗದ ಅರಳೆ ಬೇಕಾಗಿತ್ತು, ಹತ್ತಿ ರಫ್ತು ಮಾಡುವ ಅಮೆರಿಕಕ್ಕೆ ಒಂದು ಸೂಚನೆಯೂ ಮುಟ್ಟಲಿ ಎಂಬ ಲೆಕ್ಕವಿದ್ದೀತು. ಆದರೆ ಬಾಗಿಲು ತೆರೆದದ್ದು ಬ್ರೆಜಿಲ್ಲಿನ ಹತ್ತಿಗೂ ಸೇರಿದಂತೆ ಎಲ್ಲರಿಗೂ. ಅದಕ್ಕಿಂತ ಸೂಕ್ಷ್ಮವಾದ ಪರಿಣಾಮವೊಂದಿದೆ: ಆಸ್ಟ್ರೇಲಿಯಾದೊಂದಿಗಿನ ಒಪ್ಪಂದದಲ್ಲಿ ಭಾರತ 51,000 ಟನ್ ಹತ್ತಿಗೆ ಸುಂಕರಹಿತ ಕೋಟಾ ಕೊಟ್ಟು ಅದಕ್ಕೆ ಬೆಲೆ ಪಡೆದಿತ್ತು. ಎಲ್ಲರಿಗೂ ಸುಂಕ ಇಲ್ಲವೆಂದಾಗ ಹಣಕೊಟ್ಟು ಕೊಂಡವನ ಸರಕಿಗೂ ಪುಕ್ಕಟೆ ಪಡೆದವನ ಸರಕಿಗೂ ವ್ಯತ್ಯಾಸವಿರುವುದಿಲ್ಲ; ಮುಂದಿನ ಒಪ್ಪಂದದಲ್ಲಿ ಇಂಥ ಕೋಟಾಕ್ಕೆ ಎದುರಿನವರು ಕಡಿಮೆ ಬೆಲೆ ಕಟ್ಟುತ್ತಾರೆ.

ವಿನಾಯಿತಿಯನ್ನು ವಿಸ್ತರಿಸಿದ ಅವಧಿಯನ್ನೂ ನೋಡಬೇಕು. ರಾಯಚೂರು, ಯಾದಗಿರಿ ಕಡೆ ಹೊಸ ಹತ್ತಿ ಮಾರುಕಟ್ಟೆಗೆ ಬರುವುದು ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿಯೇ. ಆ ವರ್ಷ ಮಧ್ಯಮ ಎಳೆಯ ಹತ್ತಿಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ ಬೆಂಬಲ ಬೆಲೆ ಇತ್ತು. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರದಲ್ಲಿ ತೇವಾಂಶದ ಪರೀಕ್ಷೆಯಲ್ಲಿ ಪಾಸಾದವನಿಗೆ ಆ ಬೆಲೆ, ಉಳಿದವನಿಗೆ ವರ್ತಕ ಹೇಳಿದ ಬೆಲೆ. ಗಿರಣಿಗಳಿಗೆ ಬಿಕ್ಕಟ್ಟು ಬಂದದ್ದು ಆಗಸ್ಟ್ ಕೊನೆಯಲ್ಲಿ, ಆಗ ರೈತನ ಮನೆಯಲ್ಲಿ ಹಳೆಯ ಹತ್ತಿ ಇರುವುದಿಲ್ಲ. ಸೆಪ್ಟೆಂಬರ್ 30ಕ್ಕೆ ಮುಗಿಯುವ ವಿನಾಯಿತಿಗೆ ಅರ್ಥವಿತ್ತು. ಸುಗ್ಗಿಯ ಮೂರು ತಿಂಗಳಿಗೂ ಅದನ್ನು ಎಳೆದದ್ದರ ಭಾರ ಯಾರ ಮೇಲೆ ಬೀಳುತ್ತದೆಂಬ ಚರ್ಚೆ ಶಾಸನಸಭೆಯಲ್ಲಾಗಲೀ ರಾಜ್ಯಗಳೊಂದಿಗಾಗಲೀ ಮೊದಲೇ ನಡೆದದ್ದು ಕಾಣಲಿಲ್ಲ. ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನಡಿ ಹೊರಡುವ ಅಧಿಸೂಚನೆಗೆ ಅಂಥ ಚರ್ಚೆಯ ಅಗತ್ಯವೂ ಇಲ್ಲ, ಕೃಷಿ ರಾಜ್ಯಪಟ್ಟಿಯ ವಿಷಯವಾಗಿದ್ದರೂ ಕೂಡ. ಒಪ್ಪಂದಗಳ ವಿಚಾರದಲ್ಲಿ ಕನಿಷ್ಠ ವಾಣಿಜ್ಯ ಸಚಿವಾಲಯ ಉದ್ಯಮ ಸಂಘಗಳನ್ನು ಕರೆದು ಕೇಳುವ ರೂಢಿಯಿದೆ.

ಅಮೆರಿಕಕ್ಕೆ ಹತ್ತಿಯಲ್ಲಿ ಏನನ್ನಾದರೂ ಕೊಡಲೇಬೇಕೆಂದಿದ್ದರೆ ಆಸ್ಟ್ರೇಲಿಯಾದ ಮಾದರಿ ಕಣ್ಣೆದುರೇ ಇದೆ: ಅತಿ ಉದ್ದ ಎಳೆಯ ಹತ್ತಿಗೆ, 2024ರಲ್ಲಿ ಅಧಿಸೂಚನೆಯಿಂದ ಎಲ್ಲರಿಗೂ ಕೊಟ್ಟ ವಿನಾಯಿತಿಯ ಬದಲು, ಇಷ್ಟು ಟನ್ ಎಂಬ ಮಿತಿಯಲ್ಲಿ, ಸುಗ್ಗಿ ಮುಗಿದ ತಿಂಗಳುಗಳಿಗೆ, ಆ ಹತ್ತಿಯಿಂದ ನೇಯ್ದ ಬಟ್ಟೆಗೆ ಅಮೆರಿಕದಲ್ಲಿ ಸುಂಕ ಇಳಿಯಬೇಕೆಂಬ ಷರತ್ತಿನೊಂದಿಗೆ ಕೋಟಾ ಕೊಡುವುದು. ನಮ್ಮ ಗಿರಣಿಗಳಿಗೆ ಆ ಬಗೆಯ ಹತ್ತಿ ಸಾಲದು ಎಂಬುದು ನಿಜ. ಆದರೂ ಆ ಕೋಟಾದ ಗಾತ್ರ ನಿಗದಿಪಡಿಸುವ ಮುನ್ನ, ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ, ಅದೇ ಅತಿ ಉದ್ದ ಎಳೆಯ ಡಿಸಿಎಚ್-32 ತಳಿಯನ್ನು ಎಚ್.ಡಿ. ಕೋಟೆಯಂಥ ಕಡೆ ಈಗಲೂ ಬೆಳೆಯುವ ರೈತರಿಗೆ ಕ್ವಿಂಟಲ್‌ಗೆ ಎಷ್ಟು ಸಿಗುತ್ತಿದೆ ಎಂಬುದನ್ನು ಕೃಷಿ ಇಲಾಖೆಯಿಂದ ತರಿಸಿಕೊಂಡು ನೋಡಬೇಕು.